ಅಂಗುಸ್ತಾನದ ಗುರುತು

ಸಣ್ಣ ಲಾರಿಯೊಂದು ಹಿಮ್ಮುಖವಾಗಿ ಬಂದು ಅಂಗಳದ ಗೇಟು ದಾಟಿದಾಗ ಅವಳು ಕೈಯಲ್ಲಿ ಕತ್ತರಿ ಹಿಡಿದೇ ಹೊರಗೆ ಬಂದಳು.

ಲಾರಿಯ ಬೆನ್ನ ಮೇಲೆ ಪಿಕಪ್ಪಿನ ಕ್ಯಾಬಿನ್ ಒಂದನ್ನು ಹಗ್ಗ ಬಿಗಿದು ಕೂರಿಸಿದ್ದರು. ಕೆಳಗೆ ಚಕ್ರವಿಲ್ಲ, ಮುಂದೆ ಎಂಜಿನ್ ಇಲ್ಲ, ಬರೀ ತಲೆ. ಆದರೆ ಬಾಗಿಲು ನೆಟ್ಟಗಿತ್ತು, ಗಾಜು ಒಡೆದಿರಲಿಲ್ಲ, ಹಸಿರು ಬಣ್ಣ ಇನ್ನೂ ಹಸಿರಾಗಿಯೇ ಇತ್ತು. ಗುಜರಿ ಅಂಗಳದಿಂದ ಕ್ಯಾಬಿನ್ ಬರುತ್ತದೆ, ತಂದವನೇ ಅದನ್ನು ನಮ್ಮ ಹಳೆಯ ಪಿಕಪ್ಪಿಗೆ ಕೂರಿಸಿಯೂ ಕೊಡುತ್ತಾನೆ ಎಂದು ಅಪ್ಪ ಹಿಂದಿನ ದಿನ ಹೇಳಿದ್ದರು. ಯಾರು ಬರುವುದು ಎಂದು ಇವಳು ಕೇಳಿದಾಗ ಅವರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂದಿತ್ತು.

ಆ ಕೆಮ್ಮಿನ ಅರ್ಥ ಈಗ ಲಾರಿಯ ಬಾಗಿಲು ತೆಗೆದು ಕೆಳಗಿಳಿಯಿತು.

ಅವನು!

ಕಿವಿಯ ಪಕ್ಕದಲ್ಲಿ ಕೂದಲು ನರೆತಿದೆ. ಹೆಗಲು ಸ್ವಲ್ಪ ಬಾಗಿದೆ. ಆದರೆ ಶುದ್ಧವಾಗಿರುವ ಕೈಯನ್ನೂ ಪ್ಯಾಂಟಿಗೆ ಒರೆಸಿಕೊಳ್ಳುವ ಅದೇ ಅಭ್ಯಾಸ... ಬೇಡ, ನೋಡಬಾರದು ಎಂದುಕೊಂಡಳು. ನೋಡುತ್ತಲೇ ನಿಂತಳು.

ಅವನ ಕಣ್ಣು ಅವಳ ಮುಖದಿಂದ ಇಳಿದು ಬಲಗೈಯ ನಡುಬೆರಳಿನ ಮೇಲೆ ಒಂದು ಕ್ಷಣ ತಂಗಿತು. ಹೊಲಿಯುವಾಗ ಸೂಜಿ ಚುಚ್ಚದಿರಲೆಂದು ಬೆರಳಿಗೆ ಹಾಕುವ, ಮೈಯೆಲ್ಲ ಚಿಕ್ಕ ಕುಳಿಗಳಿರುವ ಹಿತ್ತಾಳೆಯ ಟೋಪಿ, ಅಂಗುಸ್ತಾನ, ಅಲ್ಲೇ ಇತ್ತು. ಅವಳು ಥಟ್ಟನೆ ಕೈಯನ್ನು ಬೆನ್ನ ಹಿಂದೆ ಒಯ್ದಳು.

"ನಿನ್ನನ್ನ ಯಾರು ಕರೆದಿದ್ದು?"

"ನಿಮ್ಮಪ್ಪ."

"ಇನ್ನು ನನ್ನ ಮುಂದೆ ಬರಬೇಡ ಅಂತ ಹೇಳಿದ್ದೆ."

"ನೆನಪಿದೆ," ಅಂದ ಅವನು. "ಕ್ಯಾಬಿನ್ ಎಲ್ಲಿ ಇಳಿಸ್ಲಿ?"

ಅವಳು ಗಾಡಿಗಳ ಸೀಟು, ಮನೆಗಳ ಕುರ್ಚಿ ಸೋಫಾ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಓಣಿಯವರು ಅವಳನ್ನು ಸೂಜಿ ಎಂದು ಕರೆಯುತ್ತಿದ್ದರು. ಆ ಹೆಸರು ಅರ್ಧ ಕೆಲಸದಿಂದ ಬಂದದ್ದು, ಉಳಿದರ್ಧ ನಾಲಿಗೆಯಿಂದ. ಅವನು ಹಳೆಯ ಗಾಡಿಗಳನ್ನು ಬಿಚ್ಚಿ ಒಳ್ಳೆಯ ಭಾಗಗಳನ್ನು ಮಾರುವವನು. ಅವನಿಗೆ ಬೋಲ್ಟು ಎಂದು ಹೆಸರಿಟ್ಟದ್ದು ಅವನ ಹೆತ್ತಮ್ಮನೇ. ಒಮ್ಮೆ ಬಾಯಿ ಬಿಗಿದನೆಂದರೆ ಯಾವ ಸ್ಪ್ಯಾನರ್ ಹಾಕಿದರೂ ಸಡಿಲವಾಗುವುದಿಲ್ಲವೆಂದು. ಸೂಜಿ ಹೋಗಿ ಹೋಗಿ ಬೋಲ್ಟಿಗೆ ಗಂಟು ಬಿದ್ದಳಲ್ಲ ಎಂದು ಒಂದು ಕಾಲದಲ್ಲಿ ಓಣಿಯೆಲ್ಲ ನಗುತ್ತಿತ್ತು. ಅವರಿಬ್ಬರೂ ನಗುತ್ತಿದ್ದರು.

ಆ ಕಾಲದಲ್ಲಿಯೇ ಇದೇ ಅಂಗಳದ ಶೆಡ್ಡಿನಲ್ಲಿ ಇಬ್ಬರೂ ಸೇರಿ ಅಪ್ಪನ ಪಿಕಪ್ಪಿಗೆ ತುಕ್ಕು ಹಿಡಿಯದಂತೆ ಮಾಡುವ ಕೆಲಸಕ್ಕೆ ಕೈ ಹಾಕಿದ್ದು. ಅಪ್ಪ ಬಡಗಿ. ಬಾಗಿಲು, ಕಿಟಕಿ, ಕಪಾಟುಗಳನ್ನು ಈ ಗಾಡಿಯಲ್ಲಿಯೇ ಮನೆಮನೆಗೆ ಸಾಗಿಸುತ್ತಿದ್ದರು. ಅವನು ಗಾಡಿಯ ಕೆಳಗೆ ಮಲಗಿ ತುಕ್ಕು ಕೆರೆಯುವುದು, ಇವಳು ಪಕ್ಕದಲ್ಲಿ ಕೂತು ಬ್ರಷ್ಷು ಕೊಡುವುದು, ಅವನ ಮೂಗಿನ ಮೇಲೆ ಬಣ್ಣ ಬಿದ್ದರೆ ಹೇಳದೆ ಮುಚ್ಚಿಟ್ಟು ನಗುವುದು. ಅವನ ಶೆಡ್ಡಿನ ಮೇಲಿನ ಕೋಣೆ ಕಟ್ಟಿ ಮುಗಿದ ಮೇಲೆ ಮದುವೆ ಎಂದು ಮಾತಾಗಿತ್ತು.

ಆಮೇಲೆ ಎರಡು ಮಳೆಗಾಲ ಕಳೆದವು. ಒಂದು ದಿನ ಇಳಿಜಾರಿನಲ್ಲಿ ಅಪ್ಪ ಬ್ರೇಕ್ ಒತ್ತಿದಾಗ ಸೀಟಿನ ಕೆಳಗಿನ ತಗಡು ಹಪ್ಪಳದಂತೆ ಮುರಿಯಿತು. ಸೀಟು ಹಿಂದಕ್ಕೆ ಕುಸಿಯಿತು, ಕಾಲು ಬ್ರೇಕಿನಿಂದ ಜಾರಿತು, ಗಾಡಿ ಗೋಡೆಗೆ ಬಡಿಯಿತು. ಎಡಗಾಲಿನ ಮೂಳೆ ಎರಡು ಕಡೆ ಮುರಿಯಿತು.

ಕ್ಯಾಬಿನ್ನಿನ ನೆಲವೆಲ್ಲ ಒಳಗೊಳಗೇ ತುಕ್ಕು ತಿಂದು ಪೊಳ್ಳಾಗಿತ್ತು ಎಂದು ನೋಡಿದವರು ಹೇಳಿದರು. ತುಕ್ಕಿನ ಕೆಲಸ ಮಾಡಿದ್ದು ಯಾರು? ಅವನೇ ತಾನೆ? ಆಸ್ಪತ್ರೆಯ ಕಾರಿಡಾರಿನಲ್ಲಿ ಅವನು ಓಡಿ ಬಂದಾಗ ಅವಳು ಎಲ್ಲರೆದುರಿಗೆ ಹೇಳಿದಳು.

"ನಿನ್ನ ಕೈ ಮುಟ್ಟಿದ್ದೆಲ್ಲ ತುಕ್ಕು ಹಿಡಿಯತ್ತೆ. ಹೋಗು. ಇನ್ನು ನನ್ನ ಮುಂದೆ ಬರಬೇಡ."

ಅವನು ತುಟಿ ಪಿಟಕ್ಕೆನ್ನಲಿಲ್ಲ. ಎರಡು ದಿನ ಬಿಟ್ಟು ಒಮ್ಮೆ ಬಂದು, ಅಂಗಳದಲ್ಲಿ ನಿಂತಿದ್ದ ಮುರುಕು ಗಾಡಿಯ ಕೆಳಗೆ ಇಣುಕಿ ನೋಡಿ ಹೋದನೆಂದು ಅತ್ತೆ ಹೇಳಿದ್ದಳು. ಅಪ್ಪನ ತಂಗಿಯಾದ ಆ ಅತ್ತೆ ಆಗಿನಿಂದ ಇವರ ಜೊತೆಗೇ ಇದ್ದಾಳೆ. ಅವನು ಮಾತ್ರ ಮತ್ತೆ ಬರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಒಡೆದ ಮುತ್ತಿನ ಚೂರಾದರೂ ಕಣ್ಣಿಗೆ ಕಾಣುತ್ತದೆ. ಆಡಿದ ಮಾತಿನ ಚೂರು ಎಲ್ಲೆಲ್ಲಿ ಚುಚ್ಚಿಕೊಂಡಿದೆಯೋ ಆಡಿದವಳಿಗೂ ಗೊತ್ತಾಗುವುದಿಲ್ಲ.

ಮರುವರ್ಷ ಅವನ ಅಮ್ಮ ತೀರಿಕೊಂಡರು. ಇವಳಿಗೆ ಹೊಲಿಗೆ ಕಲಿಸಿದ್ದು ಅವರೇ. ಆ ಅಂಗುಸ್ತಾನ ಅವರ ಬೆರಳಿನದು. ಎಂದೋ ಸುತ್ತಿಗೆ ತಾಗಿ ಅದರ ಒಂದು ಅಂಚು ಉಗುರಿನಾಕಾರಕ್ಕೆ ನೆಗ್ಗಿತ್ತು. ನೆಗ್ಗಿದ್ದೇ ಬೆರಳಿಗೆ ಭದ್ರವಾಗಿ ಕೂರುವುದು ಎಂದು ನಗುತ್ತ ಇವಳಿಗೆ ತೊಡಿಸಿದ್ದರು. ಸುದ್ದಿ ಬಂದ ದಿನ ಇವಳು ಚಪ್ಪಲಿ ಮೆಟ್ಟಿ ಗೇಟಿನವರೆಗೆ ಹೋಗಿದ್ದಳು. ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ವಾಪಸ್ಸಾಗಿದ್ದಳು. ಆ ಗೇಟು ಅವಳಿಗೆ ಈಗಲೂ ಭಾರ.

ಅಂಗುಸ್ತಾನವನ್ನು ಮಾತ್ರ ಬಿಚ್ಚಿರಲಿಲ್ಲ. ಇನ್ನೂ ಯಾಕೆ ಅದನ್ನೇ ಹಾಕ್ತೀಯ ಎಂದು ಅತ್ತೆ ಕೇಳಿದಾಗ, ಅಂಗಡಿಯಲ್ಲಿ ತನ್ನ ಬೆರಳಿನ ಅಳತೆಯದು ಸಿಗಲಿಲ್ಲ ಎಂದಿದ್ದಳು. ಇಷ್ಟು ದೊಡ್ಡ ಊರಿನಲ್ಲಿ ಒಂದು ಬೆರಳಿನ ಅಳತೆ ಸಿಗಲಿಲ್ಲವಂತೆ, ಎಂದು ಅತ್ತೆ ಗೋಡೆಗೆ ಹೇಳಿಕೊಂಡಿದ್ದಳು.

ಕೆಲಸ ಶುರುವಾಯಿತು. ಶೆಡ್ಡಿನ ದಪ್ಪ ತೊಲೆಗೆ ಅವನು ಭಾರ ಎತ್ತುವ ಚೈನ್ ಪುಲ್ಲಿ ಕಟ್ಟಿದ. ಅಪ್ಪ ಊರುಗೋಲು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಸ್ಟೂಲಿನಲ್ಲಿ ಕೂತರು. ಕೇಳದೆ ಸಲಹೆ ಕೊಡುವುದು ಅವರ ಹುಟ್ಟುಗುಣ; ಕಾಲು ಕೆಟ್ಟ ಮೇಲೆ ಅದಕ್ಕೆ ಸಮಯವೂ ಸಿಕ್ಕಿತ್ತು. ಮಗಳು ಮುಖ ಗಂಟಿಕ್ಕಿಕೊಂಡು ಬಂದು ಇವನನ್ನು ಯಾಕೆ ಕರೆಸಿದಿರಿ ಎಂದಾಗ ಅವರು ಒಂದೇ ಮಾತು ಹೇಳಿದರು.

"ಮುರಿದಿದ್ದು ನನ್ನ ಕಾಲು. ಅದರ ಕೋಪನ ನೀನು ಯಾಕೆ ಹೊತ್ಕೊಂಡು ತಿರುಗ್ತೀಯ?"

ಅವಳು ಮುಖ ತಿರುಗಿಸಿಕೊಂಡಳು. ಆದರೂ ಶೆಡ್ಡು ಬಿಟ್ಟು ಹೋಗಲಿಲ್ಲ. ಸೀಟು ತನ್ನದು, ಸೀಟು ಬಿಚ್ಚುವಾಗ ತಾನಿರಬೇಕು ಎಂದು ನೆಪ ಹೇಳಿದಳು. ನೆಪ ಎಂದು ಮೂವರಿಗೂ ಗೊತ್ತಿತ್ತು.

ಕ್ಯಾಬಿನ್ ಎತ್ತಬೇಕಾದರೆ ಮೊದಲು ಅದನ್ನು ಗಾಡಿಯ ಅಡಿಗಟ್ಟಿನಿಂದ, ಎಂದರೆ ಚಾಸಿಸಿನಿಂದ, ಪೂರ್ತಿ ಬಿಡಿಸಬೇಕು. ಸ್ಟೀರಿಂಗಿನ ಕಂಬಿ, ಬ್ರೇಕಿನ ಕೊಳವೆ, ಆಕ್ಸಿಲರೇಟರಿನ ತಂತಿ, ಒಂದು ಕಂತೆ ವೈರು. ಎಷ್ಟೋ ವೈರುಗಳ ಬಣ್ಣ ಮಾಸಿ ಎಲ್ಲವೂ ಒಂದೇ ಥರ ಕಾಣುತ್ತಿದ್ದವು. ಅವಳು ಏನೂ ಹೇಳದೆ ಒಳಗೆ ಹೋಗಿ ದಾರದ ಉಂಡೆಗಳನ್ನು ತಂದಳು. ಅವನು ಬಿಚ್ಚಿದ ಪ್ರತಿ ವೈರಿನ ಎರಡೂ ತುದಿಗೆ ಒಂದೇ ಬಣ್ಣದ ದಾರದ ಗಂಟು ಹಾಕುತ್ತ ಹೋದಳು. ಹೆಡ್‌ಲೈಟಿಗೆ ಹಳದಿ, ಹಾರ್ನಿಗೆ ಕೆಂಪು, ವೈಪರಿಗೆ ನೀಲಿ. ಹಿಂದೆಯೂ ಹೀಗೆಯೇ ಮಾಡುತ್ತಿದ್ದಳು. ಅವನು ವೈರು ಹಿಡಿಯುವನು, ಅವಳು ಗಂಟು ಹಾಕುವಳು. ಬೆರಳಿಗೆ ಬೆರಳು ತಾಗದಂತೆ ಇಬ್ಬರೂ ಎಷ್ಟು ಜಾಗ್ರತೆ ಮಾಡಿದರೆಂದರೆ ಅಪ್ಪ ಮತ್ತೆ ಕೆಮ್ಮಬೇಕಾಯಿತು.

ಬೋಲ್ಟುಗಳು ತುಕ್ಕು ಕಚ್ಚಿ ಕೂತಿದ್ದವು. ಎಣ್ಣೆ ಬಿಟ್ಟು ಕಾಯಬೇಕಾಯಿತು. ಕಾಯುವಾಗ ಅವನು ಚಹಾದ ಲೋಟ ತೊಳೆಯಲೆಂದು ನಲ್ಲಿಯ ಕಡೆ ಹೋದ. ಅಪ್ಪ ಆಗ ಮೆಲ್ಲಗೆ ಬಾಯಿಬಿಟ್ಟರು. ಈ ಕ್ಯಾಬಿನ್ ಮೊನ್ನೆ ಮೊನ್ನೆ ಸಿಕ್ಕಿದ್ದಲ್ಲವಂತೆ. ಇದೇ ಮಾದರಿಯ ಗಾಡಿಯೊಂದು ಬಿಚ್ಚಲು ಬಂದಾಗ ಅವನು ಇದನ್ನು ತೆಗೆದಿರಿಸಿದ್ದನಂತೆ. ವರ್ಷಗಳಿಂದ ಮಾಡಿನ ಕೆಳಗೆ, ನೆಲಕ್ಕೆ ತಾಗದಂತೆ ಮರದ ತುಂಡುಗಳ ಮೇಲೆ, ಬಟ್ಟೆ ಹೊದಿಸಿ ಇಟ್ಟಿದ್ದನಂತೆ. ಕೇಳಿದವರಿಗೆಲ್ಲ ಇದು ಮಾರಾಟಕ್ಕಿಲ್ಲ ಎಂದನಂತೆ.

"ಈಗ ಯಾಕೆ ಕೊಟ್ಟ ಹಾಗಾದ್ರೆ?" ಎಂದು ಕೇಳಿದಳು.

ಗುಜರಿ ಅಂಗಳವನ್ನು ದಾಯಾದಿ ತಮ್ಮನಿಗೆ ಒಪ್ಪಿಸುತ್ತಿದ್ದಾನೆ, ದೂರದ ಬಂದರಿನಲ್ಲಿ ಹಡಗುಗಳಿಗೆ ಬಣ್ಣ ಬಳಿಯುವ ಕೆಲಸ ಸಿಕ್ಕಿದೆ, ಈ ಗಾಡಿ ಮುಗಿದ ಕೂಡಲೇ ಹೊರಡುತ್ತಾನೆ ಎಂದರು ಅಪ್ಪ. ಅಲ್ಲಿಗೆ ಹೋದವರು ಯಾರೂ ಸುಲಭಕ್ಕೆ ವಾಪಸ್ಸು ಬರುವುದಿಲ್ಲ ಎಂದೂ ಸೇರಿಸಿದರು.

ಅವಳ ಕೈಯಲ್ಲಿದ್ದ ನೀಲಿ ದಾರ ಸಿಕ್ಕುಸಿಕ್ಕಾಯಿತು. ಹೋಗಲಿ. ನನಗೇನು? ನಾನೇ ತಾನೆ ಹೋಗು ಅಂದಿದ್ದು... ಹೀಗೆ ತನಗೆ ತಾನೇ ಹೇಳಿಕೊಂಡಳು. ಆದರೆ ಆ ಮಧ್ಯಾಹ್ನ ಅವಳು ಹೊಲಿದ ಹೊಲಿಗೆಯೊಂದೂ ನೆಟ್ಟಗೆ ಬರಲಿಲ್ಲ.

ಮರುದಿನ ನೆರೆಮನೆಯವರೆಲ್ಲ ಬಂದು ಕೈ ಜೋಡಿಸಿದರು. ಎದುರುಮನೆಯ ಬೇಕರಿಯವನು ಒಂದು ಮೂಲೆ, ಟೀಚರಮ್ಮನ ಗಂಡ ಇನ್ನೊಂದು. ಚೈನು ಎಳೆದಂತೆ ಹಳೆಯ ಕ್ಯಾಬಿನ್ ನರಳುತ್ತ ಮೇಲೆದ್ದಿತು. ಕೆಳಗಿನಿಂದ ಗಾಡಿಯನ್ನು ಹಿಂದಕ್ಕೆ ತಳ್ಳಿದರು. ತುಕ್ಕಿನ ಪುಡಿ ಬುರುಬುರು ಉದುರಿತು. ಕ್ಯಾಬಿನ್ನನ್ನು ಅಂಗಳದ ಮೂಲೆಗೆ ಒಯ್ದು ಪಕ್ಕಕ್ಕೆ ಮಲಗಿಸಿದರು.

ಅಡಿಗಟ್ಟು ಬಯಲಾಯಿತು. ಅವನ ನಿರ್ಲಕ್ಷ್ಯವನ್ನು ಕಣ್ಣಾರೆ ನೋಡುತ್ತೇನೆ, ನೋಡಿದರೆ ಮನಸ್ಸು ಗಟ್ಟಿಯಾಗುತ್ತದೆ ಎಂದುಕೊಂಡು ಅವಳು ಹತ್ತಿರ ಹೋದಳು. ನೋಡಿದರೆ, ಅವನು ಅಂದು ಬಳಿದ ಕಪ್ಪು ಲೇಪ ಇದ್ದ ಹಾಗೇ ಇತ್ತು. ಬೋಲ್ಟಿನ ಸುತ್ತ ಒಂದಿಷ್ಟು ತುಕ್ಕು, ಅಷ್ಟೇ. ಬೆರಳಿನಿಂದ ತಟ್ಟಿದಳು. ಗಟ್ಟಿ ಕಬ್ಬಿಣದ ಸದ್ದು.

ಇಡೀ ಗಾಡಿಗೆ ಕೆಲಸ ಮಾಡಿದ್ದು ಒಂದೇ ಕೈ. ಕೆಳಗೆ ಇಷ್ಟು ಗಟ್ಟಿ ಇರುವಾಗ ಕ್ಯಾಬಿನ್ ಮಾತ್ರ ಯಾಕೆ ಕೊಳೆಯಿತು?

ಕೇಳಬಹುದಿತ್ತು. ಅವನು ಎರಡು ಮಾರು ದೂರದಲ್ಲಿ ತಂತಿ ಬ್ರಷ್ಷಿನಿಂದ ಉಜ್ಜುತ್ತಿದ್ದ. ಅವಳು ಕೇಳಲಿಲ್ಲ. ಕೇಳದೆ ಇರುವುದು ಅಷ್ಟರಲ್ಲಿ ಅವಳಿಗೆ ರೂಢಿಯಾಗಿತ್ತು.

ಮುಂದಿನ ದಿನಗಳಲ್ಲಿ ಅವನು ಅಡಿಗಟ್ಟನ್ನು ಉಜ್ಜಿ, ತುಕ್ಕು ಉಳಿದ ಕಡೆ ಅದನ್ನು ಕಪ್ಪಾಗಿಸಿ ಅಲ್ಲಿಗೇ ನಿಲ್ಲಿಸುವ ದ್ರವ ಬಳಿದ. ಅದು ಒಣಗಿದ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ. ಒಂದು ಪದರ ಒಣಗದೆ ಇನ್ನೊಂದು ಹಚ್ಚುವಂತಿಲ್ಲ. ಅವಳು ಪಕ್ಕದಲ್ಲಿ ಹಳೆಯ ಸೀಟಿನ ಸ್ಪಂಜು ಬದಲಾಯಿಸಿ ಹೊಸ ಕವರು ಹೊಲಿದಳು. ಮಾತು ಕಡಿಮೆ. ಆದರೂ ಬ್ರಷ್ಷಿಗೆ ಅವನು ಕೈ ಚಾಚಿದಾಗ ಬ್ರಷ್ಷು ಅವನ ಕೈಗೆ ಬಂದು ಕೂರುತ್ತಿತ್ತು. ಯಾರು ಕೊಟ್ಟರು ಎಂದು ಇಬ್ಬರೂ ನೋಡುತ್ತಿರಲಿಲ್ಲ. ಬಣ್ಣ ಒಣಗುತ್ತ ಬಂದಂತೆ ಅವಳಿಗೆ ಭಯವಾಗತೊಡಗಿತು. ಇದು ಮುಗಿದರೆ ಅವನು ಹೋಗುತ್ತಾನೆ!

ಹೊಸ ಕ್ಯಾಬಿನ್ನಿನ ಸರದಿ ಬಂತು. ಅದನ್ನು ತೊಲೆಗೆ ತೂಗುಹಾಕಿ, ಬಾಗಿಲ ಕೆಳಗಿನ ಪೊಳ್ಳು ಪೆಟ್ಟಿಗೆಯೊಳಗೆ ಸಣ್ಣ ಕೊಳವೆಯಿಂದ ಮೇಣದಂಥ ಎಣ್ಣೆ ಸಿಂಪಡಿಸಿದ. ಆಮೇಲೆ ಮೊದಲ ಬಾರಿ ಅವಳ ಕಡೆ ತಿರುಗಿ, ನಿನ್ನ ಉದ್ದ ಸೂಜಿ ಸ್ವಲ್ಪ ಕೊಡ್ತೀಯಾ ಎಂದ. ಸೀಟು ಹೊಲಿಯುವ ಗೇಣುದ್ದದ ಸೂಜಿ. ಕೊಟ್ಟಳು. ಅವನು ಕೆಳಗೆ ಕೂತು, ಪೆಟ್ಟಿಗೆಯ ಅಡಿಯಲ್ಲಿ ಸಾಲಾಗಿದ್ದ ಚಿಕ್ಕ ಚಿಕ್ಕ ತೂತುಗಳಿಗೆ ಅದನ್ನು ಒಂದೊಂದಾಗಿ ಚುಚ್ಚಿ ಬಿಡಿಸತೊಡಗಿದ.

ಅವಳು ಬಗ್ಗಿ ನೋಡಿದಳು. ಆ ತೂತುಗಳನ್ನು ಎಲ್ಲೋ ನೋಡಿದ ನೆನಪು.

"ಅವನ್ನ ಮುಚ್ಚಬೇಕಲ್ವಾ? ನೀರು ಒಳಗೆ ಹೋಗಲ್ವಾ?"

ಅವನ ಕೈ ನಿಂತಿತು.

"ಮುಚ್ಚಬಾರದು," ಎಂದ ನೆಲ ನೋಡುತ್ತ. "ನೀರು ಬಾಗಿಲ ಸಂದಿಯಿಂದ, ಗಾಜಿನ ಅಂಚಿನಿಂದ ಹೇಗಾದ್ರೂ ಒಳಗೆ ಬರತ್ತೆ. ಹೊರಗೆ ಹೋಗೋಕೆ ಇದೊಂದೇ ದಾರಿ. ಮುಚ್ಚಿದ್ರೆ ಒಳಗೇ ನಿಂತು ತಗಡು ತಿನ್ನತ್ತೆ."

ಅಷ್ಟು ಹೇಳಿ ಏನೋ ಹೇಳಬಾರದ್ದನ್ನು ಹೇಳಿದವನಂತೆ ಎದ್ದು, ಕೈ ತೊಳೆಯಬೇಕೆಂದು ನಲ್ಲಿಯ ಕಡೆ ಹೋದ.

ಅವಳು ಅಲ್ಲೇ ಕೂತಳು.

ಒಂದು ಹಳೆಯ ಮಧ್ಯಾಹ್ನ ನೆನಪಿಗೆ ಬಂತು. ಅವನು ಊಟಕ್ಕೆಂದು ಮನೆಗೆ ಹೋಗಿದ್ದ. ಬೆಸುಗೆಯ ಸಂದಿಗಳಿಗೆ ತುಂಬುವ ಕಪ್ಪು ಅಂಟು ಡಬ್ಬದ ತಳದಲ್ಲಿ ಇನ್ನೂ ಉಳಿದಿತ್ತು. ಬಾಗಿಲ ಕೆಳಗೆ ಈ ತೂತುಗಳ ಸಾಲು ಅವಳ ಕಣ್ಣಿಗೆ ಬಿತ್ತು. ಅಯ್ಯೋ, ಇಷ್ಟು ಜಾಗ್ರತೆಯವನು ಇದನ್ನು ಮರೆತನಲ್ಲ ಎಂದು ಅವಳಿಗೆ ನಗು ಬಂದಿತ್ತು. ಒಂದೂ ಬಿಡದಂತೆ ತೂತುಗಳನ್ನೆಲ್ಲ ತುಂಬಿ, ಬೆರಳಿನಿಂದ ಒತ್ತಿ, ಮೇಲೆ ಬಣ್ಣ ಬಳಿದಿದ್ದಳು. ಸಂಜೆ ಹೇಳಿ ಅವನನ್ನು ರೇಗಿಸಬೇಕೆಂದಿದ್ದಳು. ಸಂಜೆ ಅವನ ಅಮ್ಮ ಬಂದರು, ಮದುವೆಯ ಮಾತು ಬಂತು, ಆ ಸಂತೋಷದಲ್ಲಿ ತೂತಿನ ಮಾತು ಮರೆತೇ ಹೋಯಿತು.

ಇಲ್ಲ... ಇರಲಾರದು...

ಎದ್ದು ಅಂಗಳದ ಮೂಲೆಗೆ ಹೋದಳು. ಮಲಗಿದ್ದ ಹಳೆಯ ಕ್ಯಾಬಿನ್ನಿನ ಹೊಟ್ಟೆ ಅವಳ ಕಡೆಗೇ ಇತ್ತು. ಬಾಗಿಲ ಕೆಳಗಿನ ಪೆಟ್ಟಿಗೆಯ ಬಣ್ಣವನ್ನು ಕತ್ತರಿಯ ಮೊನೆಯಿಂದ ಕೆರೆದಳು. ಬಣ್ಣ ಸಿಪ್ಪೆಯಂತೆ ಎದ್ದು ಬಂತು. ಅಡಿಯಲ್ಲಿ ಒಣಗಿ ಕಲ್ಲಾದ ಕಪ್ಪು ಅಂಟಿನ ಬಿಲ್ಲೆ. ಬಿಲ್ಲೆಯ ಮೇಲೆ ಸಾಸಿವೆ ಚೆಲ್ಲಿದಂತೆ ಚಿಕ್ಕ ಚಿಕ್ಕ ಚುಕ್ಕೆಗಳು. ಒಂದು ಬದಿಗೆ ಮಾತ್ರ ಚುಕ್ಕೆಯಿಲ್ಲದೆ, ಉಗುರಿನಾಕಾರದ ನುಣುಪು.

ಬೆರಳಿನಲ್ಲಿದ್ದ ಅಂಗುಸ್ತಾನವನ್ನು ಅದರ ಮೇಲಿಟ್ಟಳು. ಚುಕ್ಕೆಗೆ ಚುಕ್ಕೆ, ನೆಗ್ಗಿಗೆ ನೆಗ್ಗು ಕೂತಿತು.

ಅಪ್ಪನ ಕಾಲು!

ತೆವಳುತ್ತಲೇ ಮುಂದಿನ ತೂತು ಹುಡುಕಿದಳು. ಅಲ್ಲಿ ಕೆರೆಯುವುದೇ ಬೇಕಿರಲಿಲ್ಲ. ಬಣ್ಣವನ್ನು ಯಾರೋ ಎಂದೋ ಬ್ಲೇಡಿನಿಂದ ಚೌಕವಾಗಿ ತೆಗೆದಿದ್ದರು. ತೆಗೆದ ಜಾಗದ ಅಂಚೂ ಹಳೆಯದಾಗಿತ್ತು, ಧೂಳು ಕೂತಿತ್ತು. ನಡುವೆ ಅದೇ ಚುಕ್ಕೆಗಳು, ಅದೇ ನುಣುಪು. ಎರಡು ದಿನ ಬಿಟ್ಟು ಬಂದು ಗಾಡಿಯ ಕೆಳಗೆ ಇಣುಕಿ ಹೋದ ಎಂದಿದ್ದಳಲ್ಲ ಅತ್ತೆ... ಅಮ್ಮನ ಬೆರಳಿನ ಅಂಗುಸ್ತಾನದ ಗುರುತು ಮಗನಿಗೆ ತಿಳಿಯದೆ ಇದ್ದೀತೇ?

ಅವನು ಕೈ ಒರೆಸಿಕೊಳ್ಳುತ್ತ ಬಂದ. ಅವಳು ಕೂತ ಜಾಗ ನೋಡಿ ಅಲ್ಲೇ ನಿಂತ.

"ನಿನಗೆ ಗೊತ್ತಿತ್ತು," ಎಂದಳು.

ಅವನು ಬಂದು ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂತ.

"ಯಾಕೆ ಹೇಳಲಿಲ್ಲ? ಅಷ್ಟು ಜನರ ಮುಂದೆ ನಿನ್ನ ಮಾನ ಕಳೆದೆ. ನನ್ನ ತಪ್ಪನ್ನ ನಿನ್ನ ತಲೆಗೆ ಕಟ್ಟಿದೆ. ಒಂದು ಮಾತು ಹೇಳೋಕೆ ಆಗಲಿಲ್ವಾ?"

"ಅಪ್ಪನ ಕಾಲು ನಿನ್ನಿಂದ ಹೋಯ್ತು ಅಂತ ಗೊತ್ತಾದ್ರೆ ನೀನು ತಡ್ಕೊಳ್ಳಲ್ಲ ಅನ್ನಿಸ್ತು. ಅದಕ್ಕೆ ಸುಮ್ಮನಾದೆ." ನೆಲದಲ್ಲಿದ್ದ ತುಕ್ಕಿನ ಚೂರೊಂದನ್ನು ಎತ್ತಿ ಪಕ್ಕಕ್ಕೆ ಎಸೆದ. "ಅದು ಮೊದಲು. ಆಮೇಲಾಮೇಲೆ ಬರೀ ಹಟ. ಇವಳು ಒಂದು ಸಲನಾದ್ರೂ ಬಂದು ಕೇಳಲಿ, ನೀನು ಹಾಗೆ ಮಾಡೋನಲ್ಲ, ಏನಾಯ್ತು ಅಂತ ಕೇಳಲಿ ಅಂತ ಕಾದೆ. ನೀನು ಕೇಳಲಿಲ್ಲ. ನಾನು ಹೇಳಲಿಲ್ಲ."

"ಅಮ್ಮ?" ಅವಳಿಗೆ ಅದೊಂದೇ ಪದ ಬಾಯಿಗೆ ಬಂತು.

"ಆ ಹುಡುಗಿ ಯಾಕೆ ಬರಲ್ಲ ಅಂತ ದಿನಾ ಕೇಳೋಳು. ಜಗಳ ಅಂದೆ. ಯಾರ ತಪ್ಪು ಅಂದಳು." ಅವನು ಅಂಗೈ ನೋಡಿಕೊಂಡ. "ನಂದು ಅಂದೆ. ಕೊನೇವರೆಗೂ ಹಾಗೇ ನಂಬಿದಳು. ಹೋಗಿ ಕ್ಷಮೆ ಕೇಳು, ಅಂಥ ಹುಡುಗಿ ಸಿಗಲ್ಲ ಅಂತ ನನ್ನನ್ನ ಬೈಕೊಂಡೇ ಹೋದಳು."

ಅವಳು ಅತ್ತಳು. ಸದ್ದು ಮಾಡದೆ ಅಳುವ ಹೆಣ್ಣಲ್ಲ ಅವಳು. ಮನೆಯೊಳಗಿದ್ದ ಅತ್ತೆಗೂ ಕೇಳುವಂತೆ ಅತ್ತಳು. ಅವನು ಅವಳನ್ನು ಮುಟ್ಟಲಿಲ್ಲ. ಮುಟ್ಟಿದ್ದೆಲ್ಲ ತುಕ್ಕು ಹಿಡಿಯುತ್ತದೆ ಎಂಬ ಮಾತು ಇಬ್ಬರ ನಡುವೆ ಇನ್ನೂ ಕೂತೇ ಇತ್ತು.

ಕೊನೆಗೆ ಅವಳೇ ಕಣ್ಣೊರೆಸಿಕೊಂಡು ಎದ್ದಳು. ಅಪ್ಪನಿಗೆ ಹೇಳ್ತೀನಿ ಎಂದಳು. ಬೇಡ, ಇಷ್ಟು ವರ್ಷ ಆಯ್ತಲ್ಲ, ಬಿಡು ಎಂದ ಅವನು.

"ಇಷ್ಟು ವರ್ಷ ಬಿಟ್ಟಿದ್ದಕ್ಕೇ ಹೀಗಾಗಿದ್ದು," ಎಂದು ಒಳಗೆ ಹೋದಳು.

ಅಪ್ಪ ಕಿಟಕಿಯ ಪಕ್ಕ ಕೂತು ಮೊಣಕಾಲು ನೀವಿಕೊಳ್ಳುತ್ತಿದ್ದರು. ಅವಳು ಎದುರಿಗೆ ನಿಂತು, ಏನೂ ಬಿಡದೆ, ಏನೂ ಸೇರಿಸದೆ ಎಲ್ಲವನ್ನೂ ಹೇಳಿದಳು. ಅಪ್ಪನ ಕೈ ಮೊಣಕಾಲಿನ ಮೇಲೆ ನಿಂತುಹೋಯಿತು.

"ಒಂದೂ ಬಿಡದೆ ಮುಚ್ಚಿದ್ಯಾ?" ಎಂದು ಕೇಳಿದರು ಕೊನೆಗೆ.

"ಒಂದೂ ಬಿಡದೆ."

"ನನ್ನ ಮಗಳೇ. ಕೆಲಸ ಕೆಡಿಸಿದ್ರೂ ನೀಟಾಗಿ ಕೆಡಿಸ್ತೀಯ." ಆದರೆ ಅವರ ಕಣ್ಣು ನಗಲಿಲ್ಲ. "ಸಿಟ್ಟು ಬರಲಿಲ್ಲ ಅಂದ್ರೆ ಸುಳ್ಳಾಗತ್ತೆ. ಸಿಟ್ಟು ಮಾಡಿದ್ರೆ ಕಾಲು ನೆಟ್ಟಗಾಗೋದಾದ್ರೆ ಈಗಲೇ ಮಾಡ್ತಿದ್ದೆ. ಸ್ವಲ್ಪ ಹೊತ್ತು ನನ್ನನ್ನ ಒಬ್ಬನೇ ಬಿಡು. ಅವನಿಗೆ ಹೇಳಿದ್ಯಾ?"

"ಅವನಿಗೆ ಮೊದಲಿಂದಲೂ ಗೊತ್ತಿತ್ತು."

ಆಗ ಅಪ್ಪನಿಗೆ ನಿಜಕ್ಕೂ ಸಿಟ್ಟು ಬಂತು. ಊರುಗೋಲು ನೆಲಕ್ಕೆ ಬಡಿದು, ಕಾಲು ಮುರಿದವನು ನಾನು, ನನ್ನನ್ನು ಒಂದು ಮಾತು ಕೇಳದೆ ನೀವಿಬ್ಬರೂ ನಿಮ್ಮ ವಯಸ್ಸನ್ನು ಹಾಳು ಮಾಡಿಕೊಂಡಿರಲ್ಲ ಎಂದು ಗದರಿದರು. ಅವರ ಕಣ್ಣಿನಿಂದ ನೀರು ಇಳಿದದ್ದು ಕಾಲಿಗಾಗಿ ಆಗಿರಲಿಲ್ಲ. ಅವಳು ಹೋಗಿ ಅವರ ಕಾಲ ಬಳಿ ಕೂತಳು. ಬೈಯುತ್ತಲೇ ಅವರು ಅವಳ ತಲೆಯ ಮೇಲೆ ಕೈಯಿಟ್ಟರು.

ಹೊಸ ಕ್ಯಾಬಿನ್ ಗಾಡಿಯ ಮೇಲೆ ಕೂತಿತು. ಬೋಲ್ಟುಗಳು ಬಿಗಿದವು. ಹಳದಿಗೆ ಹಳದಿ, ಕೆಂಪಿಗೆ ಕೆಂಪು, ದಾರ ನೋಡಿ ವೈರು ಸೇರಿದವು. ಅವಳು ಸೀಟು ತಂದು ಕೂರಿಸಿದಳು. ಎಂಜಿನ್ ಮೊದಲು ಕೆಮ್ಮಿತು, ಆಮೇಲೆ ಒಪ್ಪಿಕೊಂಡಿತು. ಅವನು ಸಾಮಾನುಗಳನ್ನೆಲ್ಲ ಲಾರಿಗೆ ತುಂಬಿದ. ಚೈನ್ ಪುಲ್ಲಿಯೂ ತೊಲೆಯಿಂದ ಇಳಿಯಿತು.

ಒಂದು ಪರೀಕ್ಷೆ ಬಾಕಿಯಿತ್ತು. ಅವಳು ಬಕೆಟ್ಟಿನಲ್ಲಿ ನೀರು ತಂದು ಗಾಜಿನ ಮೇಲೆ, ಬಾಗಿಲ ಮೇಲೆ ಧಾರಾಳವಾಗಿ ಸುರಿದಳು. ಇಬ್ಬರೂ ಮಂಡಿಯೂರಿ ಬಗ್ಗಿ ಕಾದರು. ಒಂದು ತೂತಿನಿಂದ ಹನಿ ಬಿತ್ತು, ಇನ್ನೊಂದರಿಂದ ಬಿತ್ತು, ಸಾಲಾಗಿ ಬೀಳತೊಡಗಿದವು. ಮೂಲೆಯ ಒಂದು ತೂತು ಮಾತ್ರ ಒಣಗಿಯೇ ಇತ್ತು.

ಅವನು ಸೂಜಿಗೆಂದು ಕೈ ಚಾಚಿದ. ಅವಳು ಕೊಡಲಿಲ್ಲ. ತಾನೇ ಬಗ್ಗಿ, ಸೂಜಿಯನ್ನು ಅಂಗುಸ್ತಾನದಿಂದ ಒತ್ತಿ ಒಳಗೆ ತಳ್ಳಿದಳು. ಮೇಣದ ಚೂರು ಕಿತ್ತು ಬಂತು, ಹಿಂದೆಯೇ ನೀರು ಅವಳ ಕೈ ಮೇಲೆಲ್ಲ ಹರಿಯಿತು. ಒದ್ದೆ ಕೈಯನ್ನು ಅವಳು ಹಿಂದಕ್ಕೆ ತೆಗೆಯಲಿಲ್ಲ.

"ಯಾವಾಗ ಹೊರಡೋದು?" ಎಂದು ತೂತನ್ನೇ ನೋಡುತ್ತ ಕೇಳಿದಳು.

"ನಾಳೆ."

"ಆವತ್ತು ಹೋಗು ಅಂದೆ, ಹೋದೆ. ಅಷ್ಟು ಮಾತು ಕೇಳೋನು ನೀನು." ಅವಳು ಅವನ ಕಡೆ ತಿರುಗಿದಳು. "ಇವತ್ತು ಇರು ಅಂತಿದೀನಿ."

ಅವನು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಒರೆಸಿಕೊಂಡ ಕೈಯನ್ನು ಏನು ಮಾಡುವುದೆಂದು ತಿಳಿಯದೆ ನೋಡುತ್ತ ಕೂತ. ಅವಳೇ ಅದನ್ನು ಹಿಡಿದುಕೊಂಡಳು.

"ಆ ಮಾತು ನಾನು ವಾಪಸ್ ತಗೊಳ್ಳೋಕಾಗಲ್ಲ," ಎಂದಳು. "ಹೋದ ವರ್ಷಗಳೂ ವಾಪಸ್ ಬರಲ್ಲ. ಅಮ್ಮನೂ ಬರಲ್ಲ. ಇಷ್ಟೆಲ್ಲ ಹಾಳು ಮಾಡಿದ ಮೇಲೂ ಕೇಳ್ತಿದೀನಿ. ಇರ್ತೀಯಾ?"

"ಇರ್ತೀನಿ," ಎಂದ. ಆಮೇಲೆ ಮತ್ತೊಂದು ಮಾತು ಸಡಿಲವಾಯಿತು. "ನಾನೂ ಹೇಳಬೇಕಿತ್ತು. ತಪ್ಪು ನಿನ್ನೊಬ್ಬಳದಲ್ಲ."

ಬಾಗಿಲಲ್ಲಿ ನಿಂತಿದ್ದ ಅತ್ತೆ ಒಳಗೆ ಸರಿದಳು. ಅಪ್ಪನ ಕೆಮ್ಮು ಈ ಬಾರಿ ಕೇಳಿಸಲಿಲ್ಲ.

"ಮೊದಲು ಗಾಡಿ ಎಲ್ಲಿಗೆ ಓಡಿಸೋಣ?" ಎಂದು ಕೇಳಿದ ಅವನು.

"ನಿಮ್ಮನೆಗೆ. ಅಮ್ಮ ಕೂತು ಹೊಲೀತಿದ್ರಲ್ಲ, ಆ ಕುರ್ಚಿ ಇದೆಯಾ ಇನ್ನೂ?"

"ಇದೆ. ಯಾಕೆ?"

"ಅದರ ಮುಂದೆ ಕೂತು ಹೇಳಬೇಕು, ತಪ್ಪು ಯಾರದು ಅಂತ. ಅವರು ಸುಮ್ಮನೆ ನಿನ್ನನ್ನ ಬೈದು ಹೋದ್ರು."

"ಕುರ್ಚಿ ಸೀಟು ಹರಿದಿದೆ," ಎಂದ. "ಬೇರೆ ಯಾರ ಕೈಲೂ ಹೊಲಿಸೋಕೆ ಮನಸ್ಸು ಬರಲಿಲ್ಲ."

"ದಾರ ತಗೊಂಡು ಬರ್ತೀನಿ, ಇರು," ಎಂದು ಅವಳು ಎದ್ದಳು.

ಅವನು ಗೇಟು ತೆರೆಯಲು ಹೋದ.